ಪೋಸ್ಟ್‌ಕಾರ್ಡಿನಷ್ಟು ಸಂದು

ನಾನು ಮದುವೆಯಾಗಿ ಶಿಡ್ಲಘಟ್ಟಕ್ಕೆ ಬಂದಾಗ ನನ್ನ ಟ್ರಂಕಿನ ತಳದಲ್ಲಿ, ಸೀರೆಗಳ ಅಡಿಯಲ್ಲಿ, ಒಂದು ತಗಡಿನ ರೈಲು ಇತ್ತು. ಹಸಿರು ಬಣ್ಣದ ಎಂಜಿನ್ನು, ಎರಡು ಡಬ್ಬಿ, ಒಂದು ಕೀಲಿ, ಒಂದಕ್ಕೊಂದು ಸಿಕ್ಕಿಸುವಂಥ ಹಳಿಯ ತುಂಡುಗಳು. ಹಳಿಗಳನ್ನು ಹಳೆಯ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ಮದುವಣಗಿತ್ತಿ ತರುವ ಸಾಮಾನಲ್ಲ ಅದು ಎಂದು ಗೊತ್ತಿತ್ತು. ಬಿಟ್ಟು ಬರಲು ಮನಸ್ಸಾಗಲಿಲ್ಲ.

ಅದು ನಮ್ಮ ಕಾನ್ವೆಂಟಿನದು. ಬೆಂಗಳೂರಿನ ಬೋರ್ಡಿಂಗಿನಲ್ಲಿ ನಾನಿದ್ದ ಅಷ್ಟೂ ವರ್ಷ ಆ ರೈಲು ಚಿಕ್ಕ ಮಕ್ಕಳ ಕೋಣೆಯ ಮೇಲಿನ ಗೂಡಿನಲ್ಲಿ ಇರುತ್ತಿತ್ತು. ವರ್ಷಕ್ಕೊಂದು ದಿನ, ಕ್ರಿಸ್‌ಮಸ್ಸಿಗೆ, ಮೇಣ ತಿಕ್ಕಿದ ಹಾಲಿನ ನೆಲದ ಮೇಲೆ ಓಡಿಸುತ್ತಿದ್ದರು. ಉಳಿದ ದಿನ ಯಾರೂ ಮುಟ್ಟುವಂತಿಲ್ಲ. ಶುಕ್ರವಾರ ಶುಕ್ರವಾರ ಅದರ ಧೂಳು ಒರೆಸುವ ಕೆಲಸ ಮಾತ್ರ ನನ್ನದು. ವಯಸ್ಸಾದ ಸಿಸ್ಟರ್ ಒಬ್ಬರು ಮೈಗೆ ಹುಷಾರಿಲ್ಲದೆ ತಮ್ಮ ದೇಶಕ್ಕೆ ಹಿಂದಿರುಗುವಾಗ ನನ್ನನ್ನು ಕರೆದು, "ಇಷ್ಟು ವರ್ಷ ಒರೆಸಿದ್ದೀಯ, ಒಂದು ಸಲವೂ ಕೀಲಿ ತಿರುಗಿಸಲಿಲ್ಲ. ಇನ್ನು ಇದು ನಿನ್ನದೇ," ಎಂದು ಕೊಟ್ಟರು. ನಾನು ಒಂದು ಸಲವೂ ಕೀಲಿ ತಿರುಗಿಸಿರಲಿಲ್ಲ ಎನ್ನುವುದು ಪೂರ್ತಿ ನಿಜವಲ್ಲ. ಆದರೆ ಆಗ ಸುಮ್ಮನಿದ್ದೆ.

ಮಳೆಗಾಲ ಮುಗಿದ ಮೇಲೆ ಸೀರೆಗಳನ್ನು ಬಿಸಿಲಿಗೆ ಹಾಕಬೇಕೆಂದು ಅತ್ತೆ ಟ್ರಂಕು ತೆಗೆಸಿದರು. ಅವರ ತವರು ಆಂಧ್ರದ ಗಡಿಯ ಹತ್ತಿರ. ಆಶ್ಚರ್ಯವಾದರೆ ಬಾಯಿಗೆ ತೆಲುಗೇ ಬರುತ್ತಿತ್ತು.

"ಇದೇಮಮ್ಮಾ ಇದಿ!" ಎಂದು ಎಂಜಿನ್ನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು, ಸತ್ತ ಓತಿಕ್ಯಾತವನ್ನು ಹಿಡಿದಂತೆ.

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಣುಕಿದವರು ಬಿಟ್ಟಾರೆಯೆ? "ಏನಕ್ಕಾ, ನಿಮ್ಮ ಮನೇಲಿ ರೈಲು ಮೊದಲೇ ಬಂದು ನಿಂತುಬಿಟ್ಟಿದೆ! ಪ್ಯಾಸೆಂಜರ್ ಯಾವಾಗ ಬರ್ತಾರಂತೆ?"

"ಟಿಕೆಟ್ ತಗೊಂಡವ್ರೆ, ಬರ್ತಾರೆ ಬಿಡೇ," ಎಂದರು ಅತ್ತೆ. ನಾನು ಸೀರೆಯ ಹಿಂದೆ ಮುಖ ಮುಚ್ಚಿಕೊಂಡೆ.

ಆ ಹೊತ್ತಿಗೆ ಮಾವ ಹಿತ್ತಲಿಗೆ ಬಂದರು. ನಮ್ಮ ಮನೆಯಲ್ಲಿ ಮಾವ ಸೊಸೆಯನ್ನು ನೇರವಾಗಿ ಮಾತಾಡಿಸುವ ಪದ್ಧತಿ ಇರಲಿಲ್ಲ. ಸೊಸೆಯೂ ಅವರೆದುರು ನಿಲ್ಲುವಂತಿಲ್ಲ. ನಾನು ಕಂಬದ ಮರೆಗೆ ಸರಿದೆ. ಅವರು ಚಾಪೆಯ ಮೇಲಿದ್ದ ಹಳಿಯ ತುಂಡೊಂದನ್ನು ಎತ್ತಿಕೊಂಡು ಒಳ ಅಂಚಿನ ಮೇಲೆ ಹೆಬ್ಬೆರಳು ಎಳೆದರು. ಕಣ್ಣಿನ ಮಟ್ಟಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ತುಂಡಿನ ಕೊನೆಯಲ್ಲಿದ್ದ ಕಡ್ಡಿಯನ್ನು ಇನ್ನೊಂದರ ತೂತಿಗೆ ಸಿಕ್ಕಿಸಿ, ಬಿಡಿಸಿ, ಮತ್ತೆ ಸಿಕ್ಕಿಸಿದರು. ಅವರ ಕೈ ಅಷ್ಟು ಮೆತ್ತಗೆ ಏನನ್ನಾದರೂ ಮುಟ್ಟಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಇದನ್ನ ಎಲ್ಲಿ ಹಾಕ್ತಾಳೆ ಅಂತ ಕೇಳು," ಎಂದರು ಅತ್ತೆಗೆ.

"ಹಜಾರದಲ್ಲಿ ಹಾಕಬಹುದು ಅತ್ತೆ. ನೆಲ ನುಣ್ಣಗಿದೆ," ಎಂದೆ ನಾನೂ ಅತ್ತೆಗೇ.

"ನೆಲದ ಮೇಲೆ ಹಾಕಿದ್ರೆ ಆಟದ ಸಾಮಾನು. ಬಿಸಿಲಲ್ಲಿ ಹಾಕಿದ್ರೆ ಕಂಬಿ. ಹಿತ್ತಲಲ್ಲಿ ಹಾಕ್ತೀನಿ ಅಂತ ಹೇಳು."

"ನಿಮ್ಮಿಬ್ಬರ ಮಧ್ಯೆ ನಾನೇನು ತಂತಿ ಆಫೀಸಾ?" ಎಂದರು ಅತ್ತೆ.

ಮಾವ ಎರಡು ವರ್ಷದ ಹಿಂದಷ್ಟೇ ಸಣ್ಣ ರೈಲಿನ ಗ್ಯಾಂಗ್ ಮೇಸ್ತ್ರಿಯಾಗಿ ರಿಟೈರ್ ಆಗಿದ್ದರು. ಮನೆತನಕ್ಕೆ ಜಮೀನಿತ್ತು, ಹಿಪ್ಪುನೇರಳೆ ತೋಟವಿತ್ತು. ಅದನ್ನೆಲ್ಲ ತಮ್ಮನಿಗೆ ಬಿಟ್ಟು ಇವರು ಹರೆಯದಲ್ಲೇ ಕಂಬಿ ಕೆಲಸಕ್ಕೆ ಸೇರಿದವರು. ಚಿಕ್ಕಬಳ್ಳಾಪುರದ ಕಡೆಯಿಂದ ಬಂದು ನಮ್ಮೂರನ್ನು ದಾಟಿ ಚಿಂತಾಮಣಿಗೆ ಹೋಗುವ ಆ ಪುಟ್ಟ ರೈಲಿನ ಹಳಿಯಲ್ಲಿ ಕೆಲವು ಮೈಲಿ ಅವರ ಉಸ್ತುವಾರಿಯಲ್ಲಿತ್ತು. ಗೌರಿಬಿದನೂರಿನ ದೊಡ್ಡ ಗಾಡಿಯ ಮುಂದೆ ಇದು ಮಕ್ಕಳ ಗಾಡಿ ಎಂದು ಜನ ನಗುತ್ತಿದ್ದರು. ಮಾವನ ಎದುರಿಗೆ ಮಾತ್ರ ಯಾರೂ ನಗುತ್ತಿರಲಿಲ್ಲ.

ಅವರ ಒಳಗೊಂದು ಗಾಯವಿತ್ತು. ಅದನ್ನು ನನಗೆ ಹೇಳಿದ್ದು ನಮ್ಮವರು. ಅವರು ಚಿಂತಾಮಣಿಯ ಹೈಸ್ಕೂಲಿನಲ್ಲಿ ಮೇಷ್ಟರು, ದಿನಾ ಅದೇ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಮಾವನ ಕೊನೆಯ ವರ್ಷ, ಒಂದು ಬೇಸಿಗೆ ಮಧ್ಯಾಹ್ನ, ಊರಾಚೆಯ ತಿರುವಿನಲ್ಲಿ ಕಂಬಿ ಸೊಟ್ಟಗಾಗಿ ಖಾಲಿ ಗೂಡ್ಸ್ ಡಬ್ಬಿಯೊಂದು ಹಳಿ ತಪ್ಪಿತ್ತಂತೆ. ಯಾರಿಗೂ ಏನೂ ಆಗಲಿಲ್ಲ. ಆದರೆ ವಿಚಾರಣೆ ನಡೆಯಿತು. ಬಿಸಿಲಿಗೆ ಕಬ್ಬಿಣ ಹಿಗ್ಗುತ್ತದೆ. ಹಿಗ್ಗಲು ಜಾಗವಿರಲಿ ಎಂದು ಒಂದು ಕಂಬಿಗೂ ಇನ್ನೊಂದಕ್ಕೂ ನಡುವೆ ಸಂದು ಬಿಡಬೇಕು. ಜಾಗವಿಲ್ಲದಿದ್ದರೆ ಅದು ಪಕ್ಕಕ್ಕೆ ಬಾಗುತ್ತದೆ. ಮೇಸ್ತ್ರಿ ಸಂದು ಬಿಟ್ಟಿರಲಿಲ್ಲ ಎಂದು ವಿಚಾರಣೆ ಮಾಡಿದ ಸಾಹೇಬರು ಬರೆದರು. ಆ ಒಂದು ಸಾಲು ಹೊತ್ತುಕೊಂಡೇ ಮಾವ ರಿಟೈರ್ ಆದರು.

"ಅಪ್ಪ ಸಂದು ಬಿಟ್ಟಿದ್ದರು," ಎಂದರು ನಮ್ಮವರು. "ಅವರು ಹಲ್ಲು ಉಜ್ಜೋದು ಮರೆತಾರು, ಸಂದು ಮರೆಯಲ್ಲ."

ಆಗ ನನಗೊಂದು ಹಳೆಯ ವಿಷಯ ಅರ್ಥವಾಯಿತು. ಹೆಣ್ಣು ನೋಡಲು ಬಂದಾಗ ಎಲ್ಲರೂ ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದು ಕೇಳಿದ್ದರು. ಮಾವ ಮಾತ್ರ ಅತ್ತೆಯ ಕಿವಿಯಲ್ಲಿ ಏನೋ ಅಂದರು, ಅತ್ತೆ ನನ್ನ ಕಡೆ ತಿರುಗಿ, "ಇಂಗ್ಲಿಷಲ್ಲಿ ಅರ್ಜಿ ಬರೆಯೋಕೆ ಬರುತ್ತೇನಮ್ಮ?" ಎಂದಿದ್ದರು. ಬರುತ್ತೆ ಎಂದಿದ್ದೆ. ಆ ಸಾಲನ್ನು ತೆಗೆಸಲು ಬರೆಯಬೇಕಾದ ಅರ್ಜಿ ಅದು. ಮದುವೆಯಾಗಿ ತಿಂಗಳುಗಳಾದರೂ ಅವರು ಬರೆಸಿರಲಿಲ್ಲ. ಬರೆಸಲು ಅವರ ಹತ್ತಿರ ಇದ್ದದ್ದು ತಮ್ಮ ಬಾಯಿಮಾತೊಂದೇ.

ಈಗ ತಗಡಿನ ಹಳಿ ಕೈಗೆ ಬಂದ ಮೇಲೆ ಅವರು ಮಗನಿಗೆ ಹೇಳಿದರು: "ಸರಿಯಾಗಿ ಸಂದು ಬಿಟ್ಟು ಹಾಕ್ತೀನಿ. ಒಂದು ಬೇಸಿಗೆ ನೆಟ್ಟಗೆ ನಿಲ್ಲಲಿ. ಆಮೇಲೆ ಅರ್ಜಿ ಬರೆಸ್ತೀನಿ."

"ತಗಡಿನ ಕಂಬಿ ಸಾಕ್ಷಿ ಹೇಳುತ್ತಾ ಅಪ್ಪಾ?"

"ಅದಕ್ಕೂ ಇದಕ್ಕೂ ಬಿಸಿಲು ಒಂದೇ ಅಲ್ವೇನಪ್ಪ."

ಸಾಹೇಬರು ಈ ಸಾಕ್ಷಿಯನ್ನು ಒಪ್ಪುವುದಿಲ್ಲ ಎಂಬುದು ಮಾವನಿಗೂ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ. ಬರೆಸುವ ಧೈರ್ಯಕ್ಕೆ ಅವರಿಗೇ ಒಂದು ಸಾಕ್ಷಿ ಬೇಕಿತ್ತು.

ಕೆಲಸ ಶುರುವಾಯಿತು. ಬಟ್ಟೆ ಒಗೆಯುವ ಕಲ್ಲಿನಿಂದ ಹೊರಟು, ನುಗ್ಗೆ ಮರ ಸುತ್ತಿ, ಬಾವಿಯ ಹಿಂದಿನಿಂದ ಬಂದು, ತುಳಸಿಕಟ್ಟೆಯ ಮುಂದೆ ಉದ್ದಕ್ಕೆ ನೆಟ್ಟಗೆ ಹಾದು, ಮತ್ತೆ ಒಗೆಯುವ ಕಲ್ಲು ಸೇರುವಂತೆ ಮಾವ ದಾರ ಕಟ್ಟಿ ಗುರುತು ಹಾಕಿದರು. ಕಾನ್ವೆಂಟಿನ ತುಂಡುಗಳು ತಿರುವುಗಳಿಗೇ ಮುಗಿದುಹೋದವು. ನೆಟ್ಟಗಿನ ಭಾಗಕ್ಕೆ ಪೇಟೆಯ ತಗಡಿನ ಕೆಲಸದ ಸಾಬರಿಂದ ಮಾಡಿಸಿದರು. ಸೀಮೆಎಣ್ಣೆ ಡಬ್ಬ ಕತ್ತರಿಸಿ, ಮಡಿಸಿ, ಮೊಳದುದ್ದದ ಕಂಬಿ. ಸಾಬರು ತಮ್ಮ ಕೆಲಸ ನೋಡಿ ತಾವೇ ಸಂತೋಷಪಟ್ಟು, "ಎಲ್ಲಾ ಸೇರಿಸಿ ಬೆಸುಗೆ ಹಾಕಿಬಿಡ್ತೀನಿ ಮೇಸ್ತ್ರಿ, ಒಂದೇ ಕಂಬಿ ಆಗ್ತದೆ, ಮೊಮ್ಮಕ್ಕಳ ಕಾಲಕ್ಕೂ ಬಿಚ್ಚೋದಿಲ್ಲ," ಎಂದರು.

"ಅಯ್ಯೋ ಮಹರಾಯಾ, ಅದೊಂದು ಮಾಡಬೇಡ," ಎಂದು ಮಾವ ಕೈಮುಗಿದರು.

ಹೊಂಗೆ ಮರದ ಸೀಳಿನಿಂದ, ಕಂಬಿಯ ಅಡಿಗೆ ಅಡ್ಡಡ್ಡ ಇಡಲು, ಬೆರಳುದ್ದದ ಸ್ಲೀಪರುಗಳಾದವು. ನಾನು ಹುರುಳಿ ಜರಡಿಯಲ್ಲಿ ಜಲ್ಲಿ ಜರಡಿ ಹಿಡಿದೆ. (ಆ ಜರಡಿಗೆ ಅತ್ತೆ ಮತ್ತೆ ಹುರುಳಿ ಹಾಕಲಿಲ್ಲ.) ಸಂದು ಎಷ್ಟು ಬಿಡಬೇಕೆಂದು ಮಾವ ಎರಡು ದಿನ ಯೋಚಿಸಿ, ಕೊನೆಗೆ ಒಂದು ಪೋಸ್ಟ್‌ಕಾರ್ಡ್ ತಂದರು. ಪ್ರತಿ ಜಾಯಿಂಟಿನಲ್ಲಿ ಕಾರ್ಡನ್ನು ನಿಲ್ಲಿಸಿ, ಎರಡೂ ಕಂಬಿಯನ್ನು ಅದಕ್ಕೆ ತಾಗಿಸಿ, ಮೊಳೆ ಹೊಡೆದು, ಕಾರ್ಡನ್ನು ಮೆಲ್ಲಗೆ ಎಳೆದುಕೊಳ್ಳುವರು. ಒಂದು ದಿನ ಕಾರ್ಡು ಹಿಡಿಯಲು ಯಾರೂ ಇರಲಿಲ್ಲ. ಅತ್ತೆ ಸಂತೆಗೆ ಹೋಗಿದ್ದರು.

"ಯಾರಾದ್ರೂ ಕಾರ್ಡ್ ಹಿಡಿದ್ರೆ ಚೆನ್ನಾಗಿತ್ತು," ಎಂದರು ಮಾವ, ನುಗ್ಗೆ ಮರಕ್ಕೆ.

ನಾನು ಹೋಗಿ ಹಿಡಿದೆ. ತುಳಸಿಕಟ್ಟೆಯ ಮುಂದಿನ ಒಂಬತ್ತೂ ಜಾಯಿಂಟು ಮುಗಿದವು.

ತುಳಸಿಕಟ್ಟೆಯ ಮುಂದೆ ನಾವು ದಿನಾ ಓಡಾಡುವ ಜಾಗ. ಅಲ್ಲಿ ಜಲ್ಲಿ ಹಾಕಿದರೆ ಕಾಲಿಗೆ ಚುಚ್ಚುತ್ತದೆಂದು ಅತ್ತೆ ಹಟ ಹಿಡಿದದ್ದರಿಂದ ಸ್ಲೀಪರಿನ ಮಟ್ಟಕ್ಕೆ ಮಣ್ಣು ತುಂಬಿ ದಮ್ಮಸು ಮಾಡಿದರು. ಇದನ್ನು ಹೇಳಲು ಕಾರಣವಿದೆ.

ಚಳಿಗಾಲದಲ್ಲಿ ಕಂಬಿಗೆ ಬಿಸಿಲಿಗಿಂತ ಇಬ್ಬನಿಯ ಕಾಟ. ಡಬ್ಬದ ತಗಡು ಕತ್ತರಿಸಿದ ಅಂಚಿನಲ್ಲೆಲ್ಲ ಬೆಳಗಾಗುವಷ್ಟರಲ್ಲಿ ಕೆಂಪು ಗೆರೆ ಬರುತ್ತಿತ್ತು. ಸೀಮೆಎಣ್ಣೆ ಒರೆಸಿದರೆ ತುಕ್ಕು ನಿಲ್ಲುತ್ತಿತ್ತು. ಆದರೆ ಆಗ ಮನೆಯಲ್ಲಿ ರೇಷ್ಮೆ ಹುಳು ಸಾಕಿದ್ದೆವು. ಹುಳು ಇರುವ ಮನೆಯಲ್ಲಿ ಸೀಮೆಎಣ್ಣೆ ವಾಸನೆ ಬರಕೂಡದು, ಸೊಪ್ಪು ತಿನ್ನುವುದನ್ನು ಬಿಟ್ಟುಬಿಡುತ್ತವೆ ಎಂದು ಅತ್ತೆ ಹಿತ್ತಲಿಗೂ ತರಲು ಬಿಡಲಿಲ್ಲ. ಹಾಗಾಗಿ ಹರಳೆಣ್ಣೆ. ನಮ್ಮಲ್ಲಿ ತಲೆಗೂ ಅದೇ, ಗಾಡಿಯ ಅಚ್ಚಿಗೂ ಅದೇ. ಸಂಜೆ ಬಟ್ಟೆಯ ಚೂರಿಗೆ ಹರಳೆಣ್ಣೆ ಹಚ್ಚಿ ಕಂಬಿಯುದ್ದಕ್ಕೂ ಎಳೆಯುವುದು ನನ್ನ ಪಾಲಿಗೆ ಬಂತು. ಶುಕ್ರವಾರದ ಧೂಳಿನ ಪಾಳಿ ನನ್ನನ್ನು ಇಲ್ಲಿಗೂ ಹಿಂಬಾಲಿಸಿಕೊಂಡು ಬಂದಿತ್ತು.

ಇನ್ನೊಂದು ಕೆಲಸವೂ ನನ್ನದಾಯಿತು. ಬೆಳಿಗ್ಗೆ ಎದ್ದು ಹಿತ್ತಲಿಗೆ ಸಗಣಿ ನೀರು ಹಾಕಿ, ತುಳಸಿಕಟ್ಟೆಯ ಮುಂದೆ ಸಾರಿಸಿ, ರಂಗೋಲಿ ಇಡುವುದು. ಕಾನ್ವೆಂಟಿನಲ್ಲಿ ಓದಿದವಳಿಗೆ ಸಗಣಿ ಮುಟ್ಟಲು ಬರುತ್ತದೆಯೋ ಇಲ್ಲವೋ ಎಂದು ಬೀದಿಯವರೆಲ್ಲ ಕಾದಿದ್ದರು. ಅದಕ್ಕೇ ನಾನು ಒಂದು ಅಂಗುಲ ಬಿಡದೆ ಸಾರಿಸುತ್ತಿದ್ದೆ. ಹಳಿ ಇದ್ದಲ್ಲಿ ಅಂಗೈ ಓರೆ ಮಾಡಿ, ಎರಡು ಕಂಬಿಯ ನಡುವೆಯೂ ಎಳೆಯುತ್ತಿದ್ದೆ. ಆಮೇಲೆ ಒದ್ದೆ ಬಟ್ಟೆಯಿಂದ ಕಂಬಿಯ ತಲೆಯನ್ನು ಒರೆಸಿಬಿಟ್ಟರೆ ಹೊಳೆಯುತ್ತಿತ್ತು. "ನೋಡೇ, ಎಷ್ಟು ಅಚ್ಚುಕಟ್ಟು," ಎಂದು ಅತ್ತೆ ಪಕ್ಕದ ಮನೆಯಾಕೆಗೆ ತೋರಿಸಿದ ದಿನ ನನಗೆ ಬಹುಮಾನ ಬಂದಂತಾಗಿತ್ತು.

ಸಂಕ್ರಾಂತಿಗೆ ರೈಲು ಓಡಿತು. ಎಂಜಿನ್ನು ಒಂದು ಕೀಲಿಗೆ ಬಾವಿಯವರೆಗೆ ಬಂದು ನಿಲ್ಲುತ್ತಿತ್ತು, ಅಲ್ಲಿ ಇನ್ನೊಂದು ಕೀಲಿ ಕೊಟ್ಟರೆ ಒಗೆಯುವ ಕಲ್ಲು. ಜಾಯಿಂಟು ದಾಟುವಾಗ ಟಕ್ ಟಕ್ ಎನ್ನುತ್ತಿತ್ತು. ಮಾವ ಕಣ್ಣು ಮುಚ್ಚಿ ಆ ಸದ್ದನ್ನೇ ಎಣಿಸುತ್ತಿದ್ದರು. ಮಾಘ ಕಳೆದ ಮೇಲೆ ಸದ್ದು ಕಡಿಮೆಯಾಯಿತು ಎಂದು ನನಗನ್ನಿಸಿತು. ಹಳಿ ನುಣುಪಾಯಿತು ಎಂದುಕೊಂಡು ನಾನು ಖುಷಿಪಟ್ಟೆ. ಸೀಬೆಗಿಡದ ಮೇಲೆ ಗುಬ್ಬಿಗಳು ಎಷ್ಟು ಕೂತಿವೆ ಎಂಬುದೂ ಕಾಣುತ್ತಿದ್ದ ನನ್ನ ಕಣ್ಣಿಗೆ ಇದು ಕಾಣಲಿಲ್ಲ.

ರಾಮನವಮಿಯ ದಿನ ಪಾನಕಕ್ಕೆಂದು ಚಿಕ್ಕಮಾವ ಬಂದರು. ಮಾವನ ತಮ್ಮ. ಊರಾಚೆ, ಹಳಿ ದಾಟಿದರೆ ಇದ್ದ ನಮ್ಮ ತೋಟದ ಮನೆಯಲ್ಲೇ ಅವರ ವಾಸ. ನಗಿಸುವುದು, ಕೆಣಕುವುದು ಎರಡೂ ಅವರಿಗೆ ಸಲೀಸು. ಅಣ್ಣನ ಮೇಲಿನ ಆ ಸಾಲಿನ ಬಗ್ಗೆ ಇಡೀ ಊರಲ್ಲಿ ತಮಾಷೆ ಮಾಡುವ ಧೈರ್ಯ ಅವರೊಬ್ಬರಿಗೇ ಇತ್ತು. ಮಾವ ಆ ಮಧ್ಯಾಹ್ನವನ್ನೇ ಕಾದಿದ್ದರು. ಹೊರಗೆ ಕಾಲಿಡಲಾಗದ ಬಿಸಿಲು.

"ಬಾಪ್ಪ, ಈ ಬಿಸಿಲಲ್ಲಿ ನೋಡು. ಪೋಸ್ಟ್‌ಕಾರ್ಡಿನಷ್ಟು ಸಂದು. ಎಲ್ಲಾದ್ರೂ ಬಾಗೈತಾ ನೋಡು," ಎನ್ನುತ್ತ ಒಗೆಯುವ ಕಲ್ಲಿನ ಹತ್ತಿರ ಕೀಲಿ ಕೊಟ್ಟರು.

ನೆರಳಿನಿಂದ ಹೊರಟ ಎಂಜಿನ್ನು ನುಗ್ಗೆ ಮರ ಸುತ್ತಿತು. ಬಾವಿಯ ಹತ್ತಿರ ಮತ್ತೆ ಕೀಲಿ. ತುಳಸಿಕಟ್ಟೆಯ ಮುಂದೆ ಬಂದದ್ದೇ ತಡ, ಮುಗ್ಗರಿಸಿ ಪಕ್ಕಕ್ಕೆ ಬಿತ್ತು. ಚಕ್ರಗಳು ಗಾಳಿಯಲ್ಲಿ ತಿರುಗುತ್ತಲೇ ಇದ್ದವು. ಎಲ್ಲರೂ ಬಾಗಿ ನೋಡಿದೆವು. ನೆಟ್ಟಗಿದ್ದ ಕಂಬಿ ನಡುವೆ ಎರಡು ಬೆರಳಗಲ ಪಕ್ಕಕ್ಕೆ ಹೋಗಿ ಹಾವಿನಂತೆ ಬಳುಕಿತ್ತು. ಎರಡು ಸ್ಲೀಪರು ಮಣ್ಣಿನಿಂದ ಮೇಲೆದ್ದಿದ್ದವು.

ಚಿಕ್ಕಮಾವ ಪಾನಕದ ಲೋಟ ಹಿಡಿದೇ ನಕ್ಕರು. "ಅಣ್ಣಾ! ಇಲ್ಲೂ ಅದೇ ಕಥೇನಾ? ಪಾಪ, ಆ ಸಾಹೇಬರನ್ನ ಇಷ್ಟು ದಿನ ಬೈದ್ವಲ್ಲೋ!"

ಅವರು ನಕ್ಕದ್ದು ಅಭ್ಯಾಸಕ್ಕೆ. ಯಾರೂ ಜೊತೆಗೆ ನಗಲಿಲ್ಲ ಎಂದಾಗ ಲೋಟ ಕೆಳಗಿಟ್ಟರು. ಮಾವ ಎಂಜಿನ್ನನ್ನು ಎತ್ತಿ, ಚಕ್ರ ನಿಲ್ಲುವವರೆಗೆ ಕೈಯಲ್ಲಿ ಹಿಡಿದಿದ್ದು, ನನ್ನ ಫ್ಲಾನೆಲ್ ಬಟ್ಟೆಯ ಮೇಲಿಟ್ಟು ಒಳಗೆ ಹೋದರು. ಆ ದಿನ ಕೋಸಂಬರಿ ಮುಟ್ಟಲಿಲ್ಲ. ಸಂಜೆ ಮಗ ಮಾತಾಡಿಸಿದರೆ, "ನಾನು ಬಿಟ್ಟಿದ್ದೆ ಅಂದ್ಕೊಂಡಿದ್ದೆ. ಬಿಟ್ಟಿರಲಿಲ್ಲವೇನೋ," ಎಂದಷ್ಟೇ ಅಂದರು. ಅದು ಇಲ್ಲಿಯ ಕಂಬಿಯ ಮಾತಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಾಯಿತು.

ಆದರೆ ಇಲ್ಲಿಯ ಸಂದು ಬಿಟ್ಟಾಗ ಕಾರ್ಡು ಹಿಡಿದವಳು ನಾನು. ಒಂಬತ್ತು ಜಾಯಿಂಟನ್ನೂ ಕಣ್ಣಾರೆ ಕಂಡಿದ್ದೆ.

ಮರುದಿನ ಬೆಳಿಗ್ಗೆ ಸಗಣಿಯ ಬಕೆಟ್ಟು ಪಕ್ಕಕ್ಕಿಟ್ಟು, ತುಳಸಿಕಟ್ಟೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿದೆ. ಜಾಯಿಂಟು ಎಲ್ಲಿದೆ ಎಂದೇ ಕಾಣಲಿಲ್ಲ. ಬೆರಳಾಡಿಸಿದೆ, ನುಣ್ಣಗಿತ್ತು. ಮುಡಿಯಿಂದ ಹೇರ್‌ಪಿನ್ ತೆಗೆದು ಗೀರಿದೆ. ಸಂದಿನಿಂದ ಕಪ್ಪಗಿನ ಒಂದು ಚೂರು ಎದ್ದು ಬಂತು, ಉಗುರಿನಷ್ಟು ತೆಳ್ಳಗೆ, ಕಲ್ಲಿನಷ್ಟು ಗಟ್ಟಿ. ಮೂಸಿ ನೋಡಿದೆ. ಹರಳೆಣ್ಣೆ, ಸಗಣಿ. ದಿನಾ ಸಂಜೆ ನಾನು ಹಚ್ಚಿದ ಎಣ್ಣೆ, ದಿನಾ ಬೆಳಿಗ್ಗೆ ನಾನು ಸಾರಿಸಿದ ಸಗಣಿ ಮಣ್ಣು. ಎರಡೂ ಸೇರಿ ಗಾರೆಯಾಗಿ ಕೂತಿತ್ತು. ಹಿಗ್ಗಲು ಬಿಟ್ಟ ಜಾಗವನ್ನು ನಾನೇ ಅಚ್ಚುಕಟ್ಟಾಗಿ ತುಂಬಿದ್ದೆ.

ಸಿಸ್ಟರಿಗೆ ಕೀಲಿಯ ವಿಷಯ ಹೇಳದೆ ಉಳಿದುಹೋದದ್ದು ನೆನಪಾಯಿತೋ ಏನೋ, ಚೂರನ್ನು ಅಂಗೈಯಲ್ಲಿಟ್ಟುಕೊಂಡು ಜಗಲಿಗೆ ಹೋದೆ. ಮಾವ ಕೂತಿದ್ದರು. ಅತ್ತೆ ಒಳಗಿದ್ದರು. ತಂತಿ ಕಳಿಸಲು ಯಾರೂ ಇರಲಿಲ್ಲ.

"ಮಾವ," ಎಂದೆ.

ಆ ಮನೆಯಲ್ಲಿ ಅವರನ್ನು ನಾನು ಕರೆದದ್ದು ಅದೇ ಮೊದಲು. ತಲೆ ಎತ್ತಿದರು.

"ಸಂದು ಇತ್ತು. ನೀವು ಬಿಟ್ಟಿದ್ದಿರಿ. ನಾನು ಸಾರಿಸಿ ಮುಚ್ಚಿಬಿಟ್ಟೆ. ತಪ್ಪಾಯ್ತು."

ಚೂರನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು, ಮೂಸಿದರು, ಎರಡು ಉಗುರಿನ ನಡುವೆ ಮುರಿಯಲು ನೋಡಿದರು. ಮುರಿಯಲಿಲ್ಲ. ಅವರ ಮುಖ ಗೆಲುವಾಗಬಹುದು ಎಂದುಕೊಂಡಿದ್ದೆ. ಆಗಲಿಲ್ಲ.

"ನೀನು ತಪ್ಪು ಮಾಡ್ಲಿಲ್ಲ ಕಣಮ್ಮ. ಸಾರಿಸೋದು ನಿನ್ನ ಕೆಲಸ," ಎಂದು ಎದ್ದು ಮೆಟ್ಟು ಮೆಟ್ಟಿಕೊಂಡರು. ಎಲ್ಲಿಗೆ ಎಂದು ಹೇಳಲಿಲ್ಲ.

ಬಿಸಿಲು ಏರುವ ಹೊತ್ತಿಗೆ ಮರಳಿ ಬಂದರು. ಕಾಲೆಲ್ಲ ಧೂಳು. ಜೇಬಿನಿಂದ ಕರವಸ್ತ್ರ ತೆಗೆದು ಜಗಲಿಯ ಮೇಲೆ ಬಿಚ್ಚಿದರು. ಅದರಲ್ಲೂ ಒಂದು ಚೂರು. ನನ್ನದಕ್ಕಿಂತ ದಪ್ಪ, ಅಂಗೈಯುದ್ದ, ಬೂದುಬಣ್ಣ. ನನ್ನ ಚೂರನ್ನು ಅದರ ಪಕ್ಕದಲ್ಲಿಟ್ಟರು. ಅತ್ತೆ, ನಾನು, ಇಬ್ಬರೂ ಬಾಗಿಲಲ್ಲಿ ನಿಂತಿದ್ದೆವು.

"ಆ ತಿರುವಿನ ಹತ್ರ ಹೋಗಿದ್ದೆ. ಈಗಿನ ಮೇಸ್ತ್ರಿ ನಮ್ಮ ಹುಡುಗನೇ. ಅವನನ್ನ ಕೇಳಿ ಒಂದು ಜಾಯಿಂಟು ಗೀರಿಸಿದೆ. ಇದು ಬಂತು," ಎಂದರು. "ಗೋಡು."

ನಮ್ಮ ಕಡೆ ಬೇಸಿಗೆಯಲ್ಲಿ ಕೆರೆ ಒಣಗಿದಾಗ ತಳದ ಗೋಡುಮಣ್ಣನ್ನು ಗಾಡಿಗಳಲ್ಲಿ ತುಂಬಿ ಹಿಪ್ಪುನೇರಳೆ ತೋಟಕ್ಕೆ ಹೊಡೆಯುತ್ತಾರೆ. ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಒದ್ದೆಯಿದ್ದಾಗ ಬೆಣ್ಣೆ, ಒಣಗಿದರೆ ಕಲ್ಲು. ಕೆರೆ ಹಳಿಯ ಈಚೆಗೆ, ತೋಟ ಆಚೆಗೆ. ಗೇಟಿರುವ ದಾರಿ ಸುತ್ತು. ತಿರುವಿನ ಹತ್ತಿರ ದಾಟಿದರೆ ಹತ್ತಿರ. ಅಲ್ಲಿ ಗಾಡಿ ದಾಟಿಸಕೂಡದು.

"ಯಾರ ಗಾಡಿ?" ಎಂದರು ಅತ್ತೆ.

"ನಮ್ಮದೇ." ಮಾವ ಚೂರುಗಳಿಂದ ಕಣ್ಣೆತ್ತಲಿಲ್ಲ. "ತಮ್ಮ ಕೇಳ್ದ, ಎತ್ತುಗಳು ಸೋತಿವೆ, ಸುತ್ತಿ ಬರೋಕಾಗಲ್ಲ ಅಂತ. ಹೋಗ್ಲಿ ಬಿಡು, ನಾನೇ ಇದ್ದೀನಲ್ಲ ಅಂದೆ. ಗಾಡಿ ಹಳಿ ಹತ್ತೋವಾಗ ಗೋಡು ಉದುರೋದನ್ನ ದಿನಾ ನೋಡ್ತಿದ್ದೆ. ಸಂದು ಬಿಟ್ಟಿದ್ದೀನಿ ಅನ್ನೋ ಧೈರ್ಯ. ಅದು ತುಂಬ್ಕೊಳ್ಳುತ್ತೆ ಅಂತ ಹೊಳೀಲೇ ಇಲ್ಲ."

ಅವರು ಬಿಟ್ಟ ಸಂದು ಇತ್ತು, ಸಾಹೇಬರು ಬರೆದದ್ದು ಸುಳ್ಳು. ಆದರೆ ಗಾಡಿ ಬಿಟ್ಟವರೂ ಅವರೇ. ಎರಡೂ ಒಟ್ಟಿಗೆ ಆ ಜಗಲಿಯ ಮೇಲಿದ್ದವು.

ಸಂಜೆ ಚಿಕ್ಕಮಾವನಿಗೆ ಹೇಳಿ ಕಳಿಸಿದರು.

"ನಾಳೆಯಿಂದ ಗೋಡಿನ ಗಾಡಿ ಗೇಟಿನ ದಾರೀಲೇ ಹೋಗಲಿ."

"ಏನಣ್ಣಾ, ಅಷ್ಟು ಸುತ್ತಾ? ನೀನು ರಿಟೈರಾಗಿ ಎಷ್ಟು ಕಾಲ ಆಯ್ತು!"

"ಹಳಿ ರಿಟೈರಾಗಿಲ್ವಲ್ಲಪ್ಪ."

ಚಿಕ್ಕಮಾವ ಏನೋ ತಮಾಷೆಗೆ ಬಾಯಿ ತೆರೆದವರು, ಜಗಲಿಯ ಮೇಲಿನ ಬೂದು ಚೂರನ್ನು ಕಂಡು ಕೈಗೆತ್ತಿಕೊಂಡರು. ರೈತ, ಅವರಿಗೆ ಹೇಳಿಕೊಡಬೇಕಿರಲಿಲ್ಲ. "ನಮ್ಮ ಕೆರೇದು," ಎಂದರು ಮೆಲ್ಲಗೆ. ಚೂರನ್ನು ಇದ್ದಲ್ಲೇ ಇಟ್ಟು, "ನಿನ್ನೆ ನಾನು ಹಂಗೆ ನಗಬಾರದಿತ್ತಣ್ಣ," ಎಂದರು.

ಭಾನುವಾರ ಮಾವ ಅರ್ಜಿಯ ಕಾಗದ ತರಿಸಿದರು. ಜಗಲಿಯ ಮೇಲೆ ಚಾಪೆ ಹಾಸಿ ನನ್ನನ್ನು ಕೂರಿಸಿದರು. ಮಾವನ ಎದುರು ಸೊಸೆ ಕೂತದ್ದನ್ನು ನೋಡಿ ಪಕ್ಕದ ಮನೆಯಾಕೆ ಎರಡು ಸಲ ಬೀದಿಗೆ ಬಂದು ಹೋದರು. ಅವರು ಕನ್ನಡದಲ್ಲಿ ಹೇಳುವರು, ನಾನು ಇಂಗ್ಲಿಷಿನಲ್ಲಿ, ಸಿಸ್ಟರುಗಳು ಕಲಿಸಿದ ಓರೆ ಅಕ್ಷರದಲ್ಲಿ ಬರೆಯುವೆ. ಸಂದು ಬಿಟ್ಟಿದ್ದೆ, ಅಳತೆ ಇಷ್ಟು, ಜೊತೆಗೆ ಇದ್ದವರು ಇಂಥವರು. ಅಲ್ಲಿಗೆ ಅರ್ಧ ಹಾಳೆ. ಅಲ್ಲಿಗೇ ನಿಲ್ಲಿಸಬಹುದಿತ್ತು.

"ಬರಿಯಮ್ಮ. ನನ್ನ ತಮ್ಮನ ಗಾಡಿಗಳನ್ನ ಅಲ್ಲಿ ದಾಟೋಕೆ ನಾನೇ ಬಿಟ್ಟಿದ್ದೆ."

ನನ್ನ ಲೇಖನಿ ನಿಂತಿತು. "ಅದನ್ನೂ ಬರೆಯಬೇಕಾ ಮಾವ? ಅವರು ಕೇಳಿಲ್ಲವಲ್ಲ?"

"ಅದಿಲ್ಲದೆ ಬರೆಯೋದಾದ್ರೆ ಬರೆಯೋದೇ ಬೇಡ."

"ಹಾಗೆ ಬರೆದರೆ ಆ ಸಾಲು ತೆಗೆಯದೇ ಇರಬಹುದು ಅಪ್ಪಾ," ಎಂದರು ನಮ್ಮವರು ಕಂಬಕ್ಕೊರಗಿ.

"ತೆಗೀದಿದ್ರೆ ಬೇಡ. ಬೇರೆ ಸಾಲು ಬರೀಲಿ. ನಿಜವಾದ್ದು ಬರೀಲಿ."

ಬರೆದೆ. ಅವರು ಕೆಳಗೆ ಕನ್ನಡದಲ್ಲಿ, ಒತ್ತಿ ಒತ್ತಿ, ರುಜು ಹಾಕಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಉತ್ತರ ಬಂತು. ಅರ್ಜಿ ತಲುಪಿದೆ, ವಿಷಯವನ್ನು ಗಮನಿಸಲಾಗಿದೆ ಎಂದು ಟೈಪು ಮಾಡಿದ ಎರಡು ಸಾಲು. ಸಾಲು ತೆಗೆದರೋ ಇಲ್ಲವೋ ಎಂದು ಅದರಲ್ಲಿರಲಿಲ್ಲ. ನಾನು ಓದಿ ಹೇಳಿದೆ. ಮತ್ತೊಮ್ಮೆ ಓದಿಸಿಕೊಂಡರು. "ಗಮನಿಸಿದ್ದಾರೆ," ಎಂದು ತಲೆಯಾಡಿಸಿ, ಕಾಗದವನ್ನು ಆ ಎರಡು ಚೂರುಗಳ ಜೊತೆ ರೈಲಿನ ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿಟ್ಟರು. ಆಮೇಲೆ ಆ ಸಾಹೇಬರನ್ನು ಬೈದದ್ದನ್ನು ನಾನು ಕೇಳಲಿಲ್ಲ.

ಹಿತ್ತಲಿನ ಕಂಬಿಯನ್ನು ಬಿಚ್ಚಿ, ಬಡಿದು ನೆಟ್ಟಗೆ ಮಾಡಿ ಮತ್ತೆ ಹಾಕಿದೆವು. ಕಾರ್ಡು ಹಿಡಿಯುವವಳು ನಾನೇ ಎಂದು ಈಗ ಯಾರೂ ನುಗ್ಗೆ ಮರಕ್ಕೆ ಹೇಳಬೇಕಾಗಿರಲಿಲ್ಲ. ಸಾರಿಸುವುದನ್ನು ನಿಲ್ಲಿಸೋಣವೆಂದರೆ ತುಳಸಿಯ ಮುಂದೆ ಹಾಗೆ ಬಿಡಲಾದೀತೆ? ದಿನಾ ಸಾರಿಸಿದ ಮೇಲೆ, ರಂಗೋಲಿಗೆ ಮುಂಚೆ, ಹೇರ್‌ಪಿನ್ನಿನಿಂದ ಒಂಬತ್ತು ಸಂದನ್ನೂ ಗೀರುತ್ತಿದ್ದೆ. ನಾನು ಹೊರಗಾದ ಮೂರು ದಿನ ಅತ್ತೆ ಗೀರುತ್ತಿದ್ದರು. "ಸೊಸೆ ತಂದ ರೈಲಿಗೆ ನಾನು ಹಲ್ಲು ಉಜ್ಜಬೇಕು," ಎಂದು ಗೊಣಗುತ್ತಲೇ, ಆದರೆ ಒಂದನ್ನೂ ಬಿಡದೆ.

ಮುಂದಿನ ರಾಮನವಮಿಗೆ ಚಿಕ್ಕಮಾವ ತಡವಾಗಿ ಬಂದರು. ಗೇಟಿನ ದಾರಿ ಸುತ್ತಿ ಬಂದದ್ದಕ್ಕೆ ಗಾಡಿ, ಎತ್ತು, ಅಣ್ಣ, ಎಲ್ಲರನ್ನೂ ಬೈಯುತ್ತ ಪಾನಕ ಕುಡಿದರು. ಬಿಸಿಲು ಹೋದ ವರ್ಷದಷ್ಟೇ ಇತ್ತು. ಆ ದಿನ ಬೆಳಿಗ್ಗೆ ಮಾವ ಪ್ರತಿ ಸಂದಿನಲ್ಲೂ ಕಾರ್ಡು ತೂರಿಸಿ ನೋಡಿದ್ದರು, ಸಲೀಸಾಗಿ ಹೋಗಿತ್ತು. ಈಗ ನಡುಮಧ್ಯಾಹ್ನ ತುಳಸಿಕಟ್ಟೆಯ ಮುಂದೆ ಮೊಣಕಾಲೂರಿ, ಕಂಬಿಯ ಮೇಲೆ ಅಂಗೈ ಇಟ್ಟು ಚುರ್ ಎಂದದ್ದಕ್ಕೆ ತೆಗೆದು, ಅದೇ ಕಾರ್ಡನ್ನು ನನ್ನ ಕೈಗೆ ಕೊಟ್ಟರು.

"ತೂರಿಸಮ್ಮ, ನೋಡಣ."

ತೂರಿಸಲು ನೋಡಿದೆ. ಹೋಗಲಿಲ್ಲ. ಕಂಬಿಗಳು ಹಿಗ್ಗಿ ಒಂದಕ್ಕೊಂದು ತಾಗಿ ನಿಂತಿದ್ದವು. ಒಂಬತ್ತೂ ಕಡೆ ಹೀಗೇ. ತಲೆ ನೆಲಕ್ಕೆ ತಾಗಿಸಿ ಒಂದು ಕಣ್ಣು ಮುಚ್ಚಿ ನೋಡಿದೆ. ಒಗೆಯುವ ಕಲ್ಲಿನವರೆಗೆ ದಾರ ಹಿಡಿದಂತೆ ನೆಟ್ಟಗಿತ್ತು.

"ಹೋಗ್ತಿಲ್ಲ ಮಾವ," ಎಂದೆ.

"ಹೋಗಬಾರದು," ಎಂದರು ಅವರು. ಮತ್ತೆ ತಮ್ಮನ ಕಡೆ ತಿರುಗಿ, ಬಹಳ ದಿನದ ಮೇಲೆ ನಕ್ಕು, ಎಂಜಿನ್ನಿನ ಕೀಲಿಯನ್ನು ಅವರ ಕೈಗೆ ಕೊಟ್ಟರು.